ದಿನಕ್ಕೊಂದು, ಅಂಗೈಯಗಲ

ಅತ್ತೆ ಬಂದು ಸೇರಿದ ಮೇಲೆ ಕನ್ನಡಕದ ಅಂಗಡಿಯವನ ಮನೆಯಲ್ಲಿ ಅಂಟು ಮೆತ್ತಿಕೊಳ್ಳದ ಜಾಗವೇ ಉಳಿಯಲಿಲ್ಲ. ಬಾಗಿಲ ಹಿಡಿಗೆ ಅಂಟು, ಸ್ವಿಚ್ಚಿಗೆ ಅಂಟು, ಸಕ್ಕರೆ ಡಬ್ಬಿಯ ಮುಚ್ಚಳಕ್ಕೆ ಅಂಟು. ಒಂದು ದಿನ ಗಿರಾಕಿಯೊಬ್ಬರಿಗೆ ಚಿಲ್ಲರೆ ಕೊಡಲು ಹೋದರೆ ನೋಟು ಅವನ ಬೆರಳನ್ನು ಬಿಡಲೇ ಇಲ್ಲ. "ಕೊಡೋಕೆ ಮನಸ್ಸಿಲ್ವೇನ್ರೀ?" ಎಂದು ಅವರು ಕೇಳಿದರು.

ಅತ್ತೆ ದರ್ಜಿ. ಹೆಂಗಸರ ಬಟ್ಟೆ, ಮಕ್ಕಳ ಬಟ್ಟೆ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಅವರು ಹೊಲಿದ ಲಂಗವನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಕಾಜ ಹೊಲಿಯುತ್ತಿದ್ದಾಗ ಸೂಜಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ತಾವಾಗಿ ಮೇಲೇಳಲಿಲ್ಲ. ಆಸ್ಪತ್ರೆಯಿಂದ ಹೊರಬರುವ ಹೊತ್ತಿಗೆ ಮಾತು ಪೂರ್ತಿ ಮರಳಿತ್ತು, ಕಾಲು ಮುಕ್ಕಾಲು ಪಾಲು ಮರಳಿತ್ತು, ಬಲಗೈ ಮಾತ್ರ ಮುನಿಸಿಕೊಂಡ ನೆಂಟರ ಹಾಗೆ ಪಕ್ಕದಲ್ಲಿ ಸುಮ್ಮನೆ ಕೂತಿತ್ತು. ಮಾತು ಅಷ್ಟು ಪೂರ್ತಿಯಾಗಿ ಮರಳಬೇಕಿತ್ತೇ ಎಂದು ಅಳಿಯನಿಗೆ ಆಮೇಲೆ ಹಲವು ಸಲ ಅನ್ನಿಸಿದ್ದುಂಟು.

ಮಗಳು ತಾಯಿಯನ್ನು ಮನೆಗೆ ಕರೆತಂದಳು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಾಗುವ ಮುಂಚೆ ಹೊರಟರೆ ಮರಳುವುದು ಸಂಜೆಗೆ. ಅಳಿಯನ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಹಾಗಾಗಿ ಹಗಲಿಡೀ ಮನೆಯಲ್ಲಿ ಉಳಿಯುತ್ತಿದ್ದವರು ಅವರಿಬ್ಬರೇ. ಮದುವೆಯಾಗಿ ಅಷ್ಟು ವರ್ಷವಾದರೂ ಅತ್ತೆ ಅಳಿಯನ ಹತ್ತಿರ ನೇರವಾಗಿ ಮಾತಾಡಿದ್ದೇ ಅಪರೂಪ. ಏನಿದ್ದರೂ ಮಗಳ ಮೂಲಕ. "ಅವರಿಗೆ ಇನ್ನೂ ಸ್ವಲ್ಪ ಬಡಿಸು," "ಅವರು ಬಂದ್ರಾ ಕೇಳು." ಅಳಿಯನೂ ಅಷ್ಟೇ. ಮರ್ಯಾದೆಯೆಂಬ ಗೋಡೆ ಇಬ್ಬರ ನಡುವೆ ಗಟ್ಟಿಯಾಗಿ ನಿಂತಿತ್ತು, ಇಬ್ಬರಿಗೂ ಅದು ನೆಮ್ಮದಿಯಾಗಿತ್ತು.

ಆ ನೆಮ್ಮದಿಗೆ ಕಲ್ಲು ಹಾಕಿದ್ದು ವ್ಯಾಯಾಮದ ಮೇಡಂ. ಆಸ್ಪತ್ರೆಯಿಂದ ವಾರಕ್ಕೊಮ್ಮೆ ಬಂದು ಅತ್ತೆಯ ಕೈ ನೋಡಿ ಹೋಗುವ ಥೆರಪಿಸ್ಟಿಗೆ ಮನೆಯವರು ಇಟ್ಟ ಹೆಸರು ಅದು. ಮೊದಲು ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಅತ್ತೆ ಅದನ್ನು ಕಿಟಕಿಯಿಂದ ಆಚೆ ಎಸೆದರು. ಅಳಿಯ ಹುಡುಕಿ ತಂದುಕೊಟ್ಟ. ಮತ್ತೆ ಎಸೆದರು.

"ಸರಿ, ಚೆಂಡು ಬೇಡ," ಎಂದರು ಮೇಡಂ. "ದಿನಾ ಒಂದು ಚಿತ್ರ ಮಾಡಿ. ಬಣ್ಣ, ಬಟ್ಟೆ, ಕಾಗದ, ದಾರ, ತಂತಿ, ಏನು ಬೇಕಾದ್ರೂ ಸೇರಿಸಿ. ಕತ್ತರಿಸೋದು, ಹರಿಯೋದು, ಅಂಟಿಸೋದು, ಬಳಿಯೋದು. ಎರಡೂ ಕೈ ಕೆಲಸ ಮಾಡ್ಬೇಕು. ಅಂಗೈಯಗಲ ರಟ್ಟು ಸಾಕು. ಅರ್ಧ ಗಂಟೆ. ಆದ್ರೆ ಅವತ್ತಿಂದು ಅವತ್ತೇ ಮುಗೀಬೇಕು."

"ನನಗೆ ಚಿತ್ರ ಬರಲ್ಲ," ಎಂದರು ಅತ್ತೆ.

"ಚೆನ್ನಾಗಿರೋದು ಬೇಡಮ್ಮ. ಮುಗಿದಿದ್ರೆ ಸಾಕು."

ಅತ್ತೆ, ಅವತ್ತು ರಜೆಯೆಂದು ಮನೆಯಲ್ಲಿದ್ದ ಮಗಳ ಮುಖ ನೋಡಿದರು. "ಚೆನ್ನಾಗಾಗ್ದೆ ಮುಗಿಯೋದು ಅಂದ್ರೆ ಏನೇ?"

ಮಗಳು ಗಂಡನ ಮುಖ ನೋಡಿದಳು. "ರೀ, ನೀವು ಹೇಗೂ ತಡವಾಗಿ ಅಂಗಡಿ ತೆಗೀತೀರ. ಬೆಳಿಗ್ಗೆ ಅರ್ಧ ಗಂಟೆ ಅಮ್ಮನ ಜೊತೆ ಕೂತ್ಕೊಂಡ್ರೆ ಆಯ್ತು."

ಅರ್ಧ ಗಂಟೆ! ಹೇಳಿದವರಿಗೇನು, ಬಾಯಿಗೆ ಬಾಡಿಗೆಯೇ?

ಮೊದಲ ಬೆಳಿಗ್ಗೆ ಅಳಿಯ ಊಟದ ಮೇಜಿನ ಮೇಲೆ ಹಳೆ ಪೇಪರು ಹಾಸಿ, ರಟ್ಟು, ಬಿಳಿ ಅಂಟಿನ ಬಾಟಲಿ, ಮಕ್ಕಳ ಬಣ್ಣದ ಡಬ್ಬಿ, ಕತ್ತರಿ, ಚಿಂದಿ ಬಟ್ಟೆ, ಹಳೆ ಗುಂಡಿ ಎಲ್ಲ ಸಾಲಾಗಿಟ್ಟ. ಅತ್ತೆ ಬಂದು ಕೂತರು. ಮಾತು ದಾಟಿಸಲು ಮಗಳು ಇರಲಿಲ್ಲ. ಅತ್ತೆ ಗೋಡೆಯ ಕಡೆ ತಿರುಗಿ ಹೇಳಿದರು:

"ಬಟ್ಟೆ ಕತ್ತರಿಸೋ ಕತ್ತರಿಯಲ್ಲಿ ಕಾಗದ ಕತ್ತರಿಸ್ತಾರೇನೋ ಈ ಮನೇಲಿ."

ಅಳಿಯ ಬೇರೆ ಕತ್ತರಿ ತಂದ.

"ಇದಕ್ಕೆ ಬಾಯೇ ಇಲ್ಲ," ಎಂದರು ಗೋಡೆಗೆ.

ಇನ್ನೊಂದು ತಂದ. ಅತ್ತೆ ಬಲಗೈಯ ಬೆರಳುಗಳನ್ನು ಎಡಗೈಯಿಂದ ಎತ್ತಿ ಒಂದೊಂದಾಗಿ ಕತ್ತರಿಯ ಬಳೆಯೊಳಗೆ ತೂರಿಸಿದರು. ಕತ್ತರಿ ತೆರೆಯಿತು, ಮುಚ್ಚಲಿಲ್ಲ. ಮುಚ್ಚಿದಾಗ ತೆರೆಯಲಿಲ್ಲ. ಬಟ್ಟೆ ಇಲಿ ಕಡಿದ ಹಾಗೆ ಆಯಿತು. ಅತ್ತೆ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮೇಜಿನಿಂದ ಕೆಳಕ್ಕೆ ತಳ್ಳಿ ಎದ್ದು ಹೋದರು.

ಎರಡನೆಯ ದಿನ ಒಂದು ತುಂಡು ಅಂಟಿಸಿದರು. ಮೂರನೆಯ ದಿನ ಅದನ್ನು ಬಿಸಿನೀರು ಹಾಕಿ ಕಿತ್ತರು, ಅಂಚು ಸೊಟ್ಟವಾಗಿದೆಯೆಂದು. ಮತ್ತೆ ಅಂಟಿಸಿದರು. ಮಾರನೆಯ ದಿನ ಮತ್ತೆ ಕಿತ್ತರು. ಹೊಲಿಗೆಯಲ್ಲಿ ತಪ್ಪಾದರೆ ಬಿಚ್ಚಿ ಹೊಲಿಯುವುದು ಅವರ ಜನ್ಮದ ಅಭ್ಯಾಸ. ಬಿಚ್ಚುವುದು ಬಿಟ್ಟರೆ ಕೆಲಸವೇ ಕೆಟ್ಟಿತು ಎನ್ನುವ ಜೀವ. ಅಳಿಯ ಪಕ್ಕದಲ್ಲಿ ಕೂತು ಅಂಟಿನ ಬಾಟಲಿಯ ಮುಚ್ಚಳ ತೆಗೆಯುವುದು, ಹಾಕುವುದು, ಬಿದ್ದ ಗುಂಡಿ ಎತ್ತುವುದು, ಒದ್ದೆ ರಟ್ಟನ್ನು ಬಿಸಿಲಿಗಿಡುವುದು, ಇಷ್ಟು ಮಾಡುತ್ತಿದ್ದ. ಅರ್ಧ ಗಂಟೆ ಅನ್ನುವುದು ಮುಕ್ಕಾಲಾಗಿ, ಮುಕ್ಕಾಲು ಒಂದಾಗಿ, ಅಂಗಡಿಯ ಬಾಗಿಲಲ್ಲಿ ಗಿರಾಕಿಗಳು ಕೆಮ್ಮುತ್ತ ನಿಲ್ಲುವಂತಾಯಿತು.

ವಾರ ಕಳೆದು ಮೇಡಂ ಬಂದಾಗ ಮೇಜಿನ ಮೇಲೆ ಇದ್ದದ್ದು ಊದಿಕೊಂಡ ಒಂದೇ ಒಂದು ರಟ್ಟು.

"ಒಂದೇ ಮಾಡಿದೀರಾ?"

"ದಿನಾ ಮಾಡಿದಾರೆ ಮೇಡಂ," ಎಂದ ಅಳಿಯ, ಹಲ್ಲು ಕಚ್ಚಿಕೊಂಡು. "ಇದೊಂದನ್ನೇ ದಿನಾ ಮಾಡಿದಾರೆ."

ಮೇಡಂ ನಗಲಿಲ್ಲ. ಸ್ವಲ್ಪ ಯೋಚಿಸಿ, "ಹಾಗಾದ್ರೆ ನೀವೂ ಮಾಡಿ," ಎಂದರು.

"ನಾನ್ಯಾಕೆ? ನನ್ನ ಕೈಗೇನಾಗಿದೆ?"

"ಮುಗಿಸೋದು ಹೇಗೆ ಅಂತ ಅವರಿಗೆ ತೋರಿಸ್ಬೇಕಲ್ಲ. ನೀವು ಒಂದು, ಅವರು ಒಂದು. ದಿನಾ. ಮುಗಿದ ಮೇಲೆ ಮತ್ತೆ ಮುಟ್ಟೋ ಹಾಗಿಲ್ಲ."

ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು ಅವನ ಪಾಡು.

ಅಳಿಯನ ಕೈಗೆ ಗಟ್ಟಿ ಸಾಮಾನು ಗೊತ್ತು. ಸಾಸಿವೆಯಷ್ಟು ಸ್ಕ್ರೂ, ಗಾಜು, ತಂತಿ, ಇವನ್ನು ಕಣ್ಣು ಮುಚ್ಚಿಕೊಂಡು ಹಿಡಿಯಬಲ್ಲ. ಬಟ್ಟೆಯೆಂದರೆ ಜಾರುವ ಮೀನು. ಅವನು ಅಂಟು ಹಚ್ಚಿದ ಕಾಗದ ಮುದುಕರ ಮುಖದಂತೆ ಸುಕ್ಕಾಗುತ್ತಿತ್ತು. ಆದರೆ ಮುಗಿಸುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ರಟ್ಟಿಗೆ ನೀಲಿ ಬಳಿದು, ನಡುವೆ ಒಂದು ಗುಂಡಿ ಅಂಟಿಸಿ, "ಆಯ್ತು" ಎಂದ.

ಅತ್ತೆಗೆ ಗೋಡೆ ಮರೆತುಹೋಯಿತು. ಮೊದಲ ಸಲ ಅವನನ್ನೇ ನೋಡಿ ಕೇಳಿದರು: "ಏನಾಯ್ತು? ಏನಿದು?"

"ಚಂದ್ರ."

"ನಾಲ್ಕು ತೂತಿರೋ ಚಂದ್ರನಾ?"

"ಮುಗಿದಿದ್ರೆ ಸಾಕು ಅಂದಿದಾರಲ್ಲ."

"ಹಾಗಂತ ಅಂಗಿ ಗುಂಡಿ ಕಿತ್ತಿಟ್ಟು ಚಂದ್ರ ಅಂತೀರಾ? ನಾಚಿಕೆಯಾಗಲ್ವಾ ನಿಮಗೆ?"

"ನೀವೊಂದು ಮುಗಿಸಿ ತೋರ್ಸಿ ಅತ್ತೆ, ಆಮೇಲೆ ನಾಚ್ಕೋತೀನಿ."

ಅಲ್ಲಿಂದ ಶುರುವಾಯಿತು. ದಿನಾ ಬೆಳಿಗ್ಗೆ ಜಗಳ, ಜಗಳದ ನಡುವೆ ಚಿತ್ರ. ಅತ್ತೆ ಅವನ ಸುಕ್ಕು ತಿದ್ದಲು ಬರುತ್ತಿದ್ದರು, ಅವನು ರಟ್ಟು ಎಳೆದುಕೊಳ್ಳುತ್ತಿದ್ದ. ಅವನು ಅವರ ರಟ್ಟನ್ನು ಅಡಗಿಸಿಡುತ್ತಿದ್ದ, ಬಿಸಿನೀರಿಗೆ ಸಿಗಬಾರದೆಂದು. ಅವರು ಹುಡುಕಿ ತೆಗೆಯುತ್ತಿದ್ದರು. ಕೆಲವು ದಿನ ನೆಪಗಳು ಬರುತ್ತಿದ್ದವು. ಇವತ್ತು ತಲೆನೋವು, ಇವತ್ತು ಮೋಡ, ಇವತ್ತು ಅಂಟು ಗಟ್ಟಿಯಾಗಿದೆ, ನಾಳೆ ಎರಡು ಮಾಡಿದರಾಯಿತು. ಹಾಗೆ ಬಿಟ್ಟ ಮರುದಿನ ಬೆರಳುಗಳು ಮತ್ತೆ ಹಿಂದಿನ ವಾರಕ್ಕೇ ಹೋಗಿ ನಿಂತಿರುತ್ತಿದ್ದವು. ಅದು ಕಣ್ಣಿಗೆ ಬಿದ್ದಾಗ ಅಳಿಯನಿಗೆ ಇನ್ನೂ ಸಿಟ್ಟು. ಬಿಡುವಂತಿಲ್ಲ, ಹಿಡಿಯುವಂತಿಲ್ಲ.

ಸಂಜೆ ಹೆಂಡತಿ, "ಹೇಗಾಯ್ತು ಇವತ್ತು?" ಎಂದು ಕೇಳಿದರೆ ಅವನು ಬೆರಳುಗಳ ಮೇಲಿನ ಒಣ ಅಂಟನ್ನು ಸುಲಿಯುತ್ತ, "ನಿಮ್ಮಮ್ಮನ್ನೇ ಕೇಳು," ಎನ್ನುತ್ತಿದ್ದ. ಅತ್ತೆ, "ನಿನ್ನ ಗಂಡನ್ನೇ ಕೇಳು," ಎನ್ನುತ್ತಿದ್ದರು. ಅವಳು ಯಾರನ್ನೂ ಕೇಳದೆ ಒಳಗೆ ಹೋಗುತ್ತಿದ್ದಳು.

ಇದರ ನಡುವೆ ಆ ಕೊಕ್ಕರೆಯ ಪ್ರಸಂಗ ನಡೆಯಿತು.

ಡ್ರೈವಿಂಗ್ ಸ್ಕೂಲಿನ ಮಾಲೀಕರು ತಮ್ಮ ಕನ್ನಡಕವನ್ನು ರಿಪೇರಿಗೆ ಬಿಟ್ಟುಹೋಗಿದ್ದರು. ಕಂದು ಬಣ್ಣದ, ಚುಕ್ಕೆಚುಕ್ಕೆಯ ದಪ್ಪ ಫ್ರೇಮು; ಬಲಗಿವಿಯ ಕಡ್ಡಿ ಕಳಚಿ ಬಂದಿತ್ತು. ಅವರು ತಾಳ್ಮೆಯ ಮನುಷ್ಯರಲ್ಲ. "ಬೇಗ ಕೊಡ್ರೀ. ಕನ್ನಡಕ ಇಲ್ದೆ ಪಾಠ ಹೇಳ್ತಾ ಇದೀನಿ. ರಸ್ತೆಯಲ್ಲಿ ಓಡಾಡೋರ ಪುಣ್ಯ, ಇನ್ನೂ ಏನೂ ಆಗಿಲ್ಲ," ಎಂದು ಹೇಳಿ ಹೋಗಿದ್ದರು. ಅಳಿಯ ಫ್ರೇಮನ್ನೂ ಕಡ್ಡಿಯನ್ನೂ ಒಂದು ತಟ್ಟೆಯಲ್ಲಿ ಹಾಕಿ, ಅಂಗಡಿಯಿಂದ ಮನೆಯೊಳಕ್ಕೆ ಬರುವ ಬಾಗಿಲ ಪಕ್ಕದಲ್ಲಿಟ್ಟಿದ್ದ.

ಆ ಬೆಳಿಗ್ಗೆ ಲೆನ್ಸು ತಂದುಕೊಡುವವನು ಬೇಗ ಬಂದ. ಅಳಿಯ ಅತ್ತೆಯನ್ನು ಮೇಜಿನ ಮುಂದೆ ಕೂರಿಸಿ ಹೊರಗೆ ಹೋದ. ಲೆನ್ಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಒಳಗೆ ಬರುವ ಹೊತ್ತಿಗೆ ಅತ್ತೆ ಕೈ ಒರೆಸಿಕೊಳ್ಳುತ್ತಿದ್ದರು.

"ಇದು ಮುಗೀತು," ಎಂದರು.

ಅಳಿಯನಿಗೆ ಕಿವಿಯನ್ನು ನಂಬಲಾಗಲಿಲ್ಲ. ಅಷ್ಟು ವಾರಗಳಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಖುಷಿಯಲ್ಲಿ ಚಿತ್ರವನ್ನು ಸರಿಯಾಗಿ ನೋಡಲೂ ಇಲ್ಲ. "ಮುಟ್ಟಬೇಡಿ, ಇನ್ನು ಮುಟ್ಟಲೇಬೇಡಿ!" ಎಂದು ರಟ್ಟನ್ನು ಕಸಿದುಕೊಂಡು ಕಪಾಟಿನ ಮೇಲೆ ಒರಗಿಸಿಟ್ಟು, ಶಿಳ್ಳೆ ಹಾಕುತ್ತ ಅಂಗಡಿಗೆ ಹೋದ.

ಮಧ್ಯಾಹ್ನ ಮಾಲೀಕರು ಬಂದರು. ಅಳಿಯ ತಟ್ಟೆ ತೆಗೆದ. ಫ್ರೇಮಿತ್ತು, ಕಡ್ಡಿ ಇರಲಿಲ್ಲ. ಮೇಜಿನ ಕೆಳಗೆ ನೋಡಿದ, ಲೆನ್ಸು ಉಜ್ಜುವ ಯಂತ್ರದ ಹಿಂದೆ ನೋಡಿದ, ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದ. ನೆಲದ ಮೇಲೆ ಅಯಸ್ಕಾಂತ ಆಡಿಸಿದ. ಕಡ್ಡಿ ಪ್ಲಾಸ್ಟಿಕ್ಕಿನದು ಎಂದು ಆಮೇಲೆ ಹೊಳೆಯಿತು. ಮಾಲೀಕರು ಗಡಿಯಾರ ನೋಡಿದರು, ಅಥವಾ ಗಡಿಯಾರವಿರಬಹುದೆಂದು ಅವರಿಗೆ ತೋರಿದ ಕಡೆ ನೋಡಿದರು. "ಒಂದೇ ನಿಮಿಷ," ಎಂದು ಅಳಿಯ ಒಳಗೆ ಓಡಿದ.

ಕಪಾಟಿನ ಮೇಲೆ ಕೊಕ್ಕರೆ ನಿಂತಿತ್ತು.

ಹೊಲಿಗೆಯ ನಕ್ಷೆ ಬರೆಯುವ ತೆಳು ಕಾಗದವನ್ನು ಹರಿದು ಹರಿದು ನೀರು ಮಾಡಿದ್ದರು. ಕರಿಯ ಲೈನಿಂಗ್ ಬಟ್ಟೆಯ ರೆಕ್ಕೆ. ತಂತಿಯ ಕಾಲು. ಆ ರೆಕ್ಕೆಯಿಂದ ಮೇಲೆದ್ದು, ತುದಿಯಲ್ಲಿ ಬಾಗಿ, ನೀರನ್ನು ನೋಡುತ್ತಿದ್ದ ಚುಕ್ಕೆಚುಕ್ಕೆಯ ಕತ್ತು ಮಾಲೀಕರ ಕನ್ನಡಕದ ಕಡ್ಡಿಯಾಗಿತ್ತು.

"ಅತ್ತೆ! ಇದು ಗಿರಾಕಿಯದು!"

ಅತ್ತೆ ಮಂಚದಿಂದೆದ್ದು ಬಂದರು. "ಮುರಿದ ಸಾಮಾನಿನ ತಟ್ಟೆಯಲ್ಲಿತ್ತು."

"ರಿಪೇರಿಗೆ ಬರೋದೆಲ್ಲ ಮುರಿದಿದ್ದೇ ಅತ್ತೆ! ಮುರೀದೇ ಇರೋದನ್ನ ಯಾರು ತರ್ತಾರೆ?"

"ಬೇರೆ ಹಾಕ್ಕೊಡಿ ಅವರಿಗೆ."

"ಇಂಥದ್ದು ಬೇರೆ ಎಲ್ಲಿಂದ ತರಲಿ?"

ಅತ್ತೆ ರಟ್ಟನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡರು. "ಕೊಡಲ್ಲ. ಇದು ಮುಗಿದಿದೆ. ಮುಟ್ಟೋ ಹಾಗಿಲ್ಲ."

ಹೊರಗಿನಿಂದ ಮಾಲೀಕರು, "ಏನ್ರೀ, ಕನ್ನಡಕ ತರೋಕೆ ಹೋದ್ರಾ, ಮಾಡೋಕೆ ಹೋದ್ರಾ?" ಎಂದು ಕೂಗಿದರು. ಅಳಿಯನ ತಲೆಗೆ ರಕ್ತವೇರಿತು. ಬೆಳಗಿನಿಂದಲ್ಲ, ವಾರಗಳಿಂದ ಕೂಡಿಟ್ಟುಕೊಂಡದ್ದೆಲ್ಲ ಆ ಕ್ಷಣದಲ್ಲಿ ಕೈಗೆ ಬಂತು. ರಟ್ಟನ್ನು ಕಸಿದುಕೊಂಡು ಕಡ್ಡಿಯನ್ನು ಹಿಡಿದು ಎಳೆದ. ಅಂಟು ಗಟ್ಟಿ ಕೂತಿತ್ತು. ಕಡ್ಡಿಯ ಜೊತೆಗೆ ರೆಕ್ಕೆಯೂ ಬಂತು, ಅರ್ಧ ನೀರೂ ಬಂತು.

"ಕಿತ್ತುಬಿಟ್ಟೆಯಲ್ಲೋ!" ಎಂದು ಅತ್ತೆ ಕೂಗಿದರು. "ಊರೋರಿಗೆಲ್ಲ ಕಣ್ಣು ಕೊಡ್ತೀಯ, ನಿನಗೊಂದು ಜೊತೆ ಇಲ್ವೇನೋ?"

ಹೊರಗೆ ಮಾಲೀಕರೂ ಸುಮ್ಮನಾದರು. ಅತ್ತೆ ಎಡಗೈಯಿಂದ ಬಾಯಿ ಮುಚ್ಚಿಕೊಂಡರು. ಅಳಿಯ ಕೈಯಲ್ಲಿ ಕಡ್ಡಿ ಹಿಡಿದು ನಿಂತಿದ್ದ. ಅವನ ತಾಯಿ ತೀರಿಕೊಂಡ ಮೇಲೆ ಅವನನ್ನು ಹಾಗೆ ಯಾರೂ ಬೈದಿರಲಿಲ್ಲ.

ಅವನು ಹೊರಗೆ ಬಂದ. ಅಂಟು ಕೆರೆದು, ಸ್ಕ್ರೂ ಹಾಕಿ, ಕನ್ನಡಕ ಕೊಟ್ಟ. ಮಾಲೀಕರು ಹಾಕಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. "ಕಿವಿಗೆ ಏನೋ ಅಂಟ್ತಾ ಇದೆಯಲ್ರೀ."

"ಹೊಸದಾಗಿ ಹಾಕಿದೀನಲ್ಲ. ಒಂದೆರಡು ದಿನ ಹಾಗಿರತ್ತೆ," ಎಂದ ಅಳಿಯ.

ಸಂಜೆ ಮಗಳು ಬರುವಷ್ಟರಲ್ಲಿ ಅತ್ತೆಯ ಚೀಲ ಬಾಗಿಲಲ್ಲಿತ್ತು. ಅಕ್ಕನ ಮನೆಗೆ ಹೋಗುತ್ತೇನೆ ಎಂದರು. "ದೊಡ್ಡಮ್ಮನ ಮನೆ ಮೂರನೇ ಮಹಡೀಲಿದೆ. ಹೇಗೆ ಹತ್ತುತೀಯಮ್ಮ?" ಎಂದಳು ಮಗಳು. "ಕೂತ್ಕೊಂಡು ಹತ್ತುತೀನಿ." ಮಗಳು ಚೀಲವನ್ನು ಒಳಗಿಟ್ಟು ಗಂಡನ ಕಡೆ ತಿರುಗಿದಳು.

"ರೀ, ಅವಳು ಮೊದಲನೇ ಸಲ ಒಂದು ಪೂರ್ತಿ ಮಾಡಿದ್ಲು. ಅದನ್ನ ಕೀಳ್ತಾರಾ?"

"ಗಿರಾಕಿ ಬಾಗಿಲಲ್ಲಿ ನಿಂತಿದ್ರು ಕಣೇ!"

"ಗಿರಾಕಿ ನಾಳೇನೂ ಬರ್ತಾರೆ."

ಅಡಕತ್ತರಿಗೆ ಸಿಕ್ಕ ಅಡಿಕೆಯಾಗಿದ್ದ ಅವನು ಹೋಗಿ ಮಲಗಿದ.

ಮರುದಿನ ಅತ್ತೆ ಮೇಜಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಾತು ಹಳೆಯ ಮರ್ಯಾದೆಗೆ ತಿರುಗಿತು, ಈಗ ಗೋಡೆಯ ಜೊತೆಗೂ ಇಲ್ಲ. ಸರಿ, ಒಳ್ಳೆಯದೇ ಆಯಿತು ಎಂದುಕೊಂಡ ಅಳಿಯ. ಮೇಜು ಒರೆಸಿದ, ಅಂಟಿನ ಬಾಟಲಿಯನ್ನು ಕಪಾಟಿನಲ್ಲಿ ಹಿಂದಕ್ಕೆ ತಳ್ಳಿದ, ಹೊತ್ತಿಗೆ ಸರಿಯಾಗಿ ಅಂಗಡಿ ತೆಗೆದ. ಎಷ್ಟೋ ದಿನಗಳ ಮೇಲೆ ಒಂದು ಲೋಟ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದ.

ಆದರೆ ಊಟಕ್ಕೆ ಕೂತಾಗ ಅವನ ಕಣ್ಣು ಹೋಗುವ ಕಡೆಗೇ ಹೋಗುತ್ತಿತ್ತು. ಎರಡು ವಾರದಿಂದ ಬಲಗೈಯಲ್ಲಿ ಚಮಚ ಹಿಡಿಯುತ್ತಿದ್ದ ಅತ್ತೆ ಮತ್ತೆ ಎಡಗೈಗೆ ಬಂದಿದ್ದರು. ಬಲಗೈ ಮಡಿಲಲ್ಲಿ ಮಗುಚಿ ಬಿದ್ದಿತ್ತು. ತನಗೇನು, ನೋಡದಿದ್ದರಾಯಿತು ಎಂದುಕೊಂಡ. ನೋಡಿದ. ಆ ಕೈಯ ಮೇಲೆ ತನ್ನ ಇಷ್ಟು ಬೆಳಗುಗಳು ಖರ್ಚಾಗಿರುವುದನ್ನು ನೆನೆದು ಮೈ ಉರಿಯಿತು. ಹಾಲು ಸುರಿದು ಗಿಡ ಬೆಳೆಸಿ, ಹೂ ಬಿಡುವಾಗ ಬೇಲಿ ತೆಗೆದಂತಾಯಿತಲ್ಲ!

ಅಂಗಡಿಯಲ್ಲಿ ಒಂದು ಹಳೆಯ ಪೆಟ್ಟಿಗೆಯಿತ್ತು. ಬಿಟ್ಟುಹೋದವರು ಮತ್ತೆ ಬಾರದ ಕನ್ನಡಕಗಳು, ಒಂಟಿ ಕಡ್ಡಿಗಳು, ಬಿರುಕು ಬಿಟ್ಟ ಲೆನ್ಸುಗಳು ಅದರಲ್ಲಿದ್ದವು. ಅಳಿಯ ಅದನ್ನು ಕೆದಕಿ, ಬಾಗು ಚೆನ್ನಾಗಿರುವ ಒಂದು ಕಡ್ಡಿ ಹುಡುಕಿದ. ಹರಿದ ಕೊಕ್ಕರೆಯನ್ನು ಕಸದಿಂದ ತೆಗೆದು, ರೆಕ್ಕೆ ಅಂಟಿಸಿ, ಕತ್ತು ಕೂರಿಸಿದ. ಅರ್ಧ ದಿನ ಹೋಯಿತು. ಒಣಗಿದ ಮೇಲೆ ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಇಟ್ಟ.

ಅತ್ತೆ ನೋಡಿದರು. "ಇದು ಕೋಳಿ."

"ಕೊಕ್ಕರೆ ಅತ್ತೆ. ನಿಮ್ಮದೇ."

"ನನ್ನದು ಮುಗಿದಿತ್ತು. ಮುಗಿದ ಮೇಲೆ ಮುಟ್ಟಬಾರದು ಅಂತ ಕುಣೀತಿದ್ದೋರು ಯಾರು?"

ಅಳಿಯ ಕುರ್ಚಿಯ ಮೇಲೆ ಕುಸಿದ. "ತಪ್ಪಾಯ್ತು ಅತ್ತೆ. ಕೀಳಬಾರದಿತ್ತು. ಆ ಮನುಷ್ಯ ಹೊರಗೆ ಕಿರುಚ್ತಾ ಇದ್ದ, ನೀವು ಒಳಗೆ ಕಿರುಚ್ತಾ ಇದ್ರಿ. ನಾನು ಎಲ್ಲಿಗೆ ಹೋಗಲಿ ಹೇಳಿ?"

ಅತ್ತೆ ರಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಅಂಟಿಸಿದ ಕತ್ತನ್ನು ಬೆರಳಿನಿಂದ ತಟ್ಟಿ ನೋಡಿದರು. "ಇದೆಲ್ಲಿತ್ತು?"

"ಹಳೇ ಪೆಟ್ಟಿಗೇಲಿ. ಯಾರೂ ಕೇಳದ ಸಾಮಾನು."

"ಇನ್ನೂ ಇದೆಯಾ?"

"ಬೇಕಾದಷ್ಟಿದೆ."

"ಇಷ್ಟು ದಿನ ನನಗೆ ಗುಂಡಿ ಕೊಟ್ಕೊಂಡು ಕೂತಿದ್ಯಾ? ತಗೊಂಬಾ, ನೋಡೋಣ."

ಅಳಿಯ ಪೆಟ್ಟಿಗೆ ತಂದು ಮೇಜಿನ ಮೇಲೆ ಸುರಿದ. ಅವರು ತನ್ನನ್ನು ಮತ್ತೆ ಏಕವಚನದಲ್ಲಿ ಕರೆದರೆಂದು ಅವನಿಗೆ ಹೊಳೆದದ್ದು ಸ್ವಲ್ಪ ಹೊತ್ತಾದ ಮೇಲೆ. ಅಷ್ಟರಲ್ಲಿ ಇನ್ನೂ ಎಂಟು ಹತ್ತು ಸಲ ಕರೆದಾಗಿತ್ತು. ಸಂಜೆ ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಗಂಡನನ್ನು ಪಕ್ಕಕ್ಕೆ ಕರೆದು, "ಅಮ್ಮ ನಿಮ್ಮನ್ನ 'ಹೋಗೋ' ಅಂದ್ಲಾ?" ಎಂದಳು.

"'ಬಾರೋ' ಅಂತಾನೂ ಅಂದ್ರು," ಎಂದ ಅವನು.

ಮತ್ತೆ ಬೆಳಗುಗಳು ಹಾಳಾದವು. ಈಗ ಅಂಟಿನ ಜೊತೆಗೆ ಗಾಜಿನ ಚೂರು, ತಂತಿ, ಮೂಗಿನ ಪ್ಯಾಡುಗಳು. ಅತ್ತೆ ಲೆನ್ಸಿನ ಕೆಳಗೆ ಪೇಪರಿನ ಅಕ್ಷರಗಳನ್ನಿಟ್ಟು ದೊಡ್ಡದು ಮಾಡಿದರು. ಫ್ರೇಮಿನ ಖಾಲಿ ಕಣ್ಣಿಗೆ ಜಾಲರಿ ಬಟ್ಟೆ ಬಿಗಿದರು. ಅಳಿಯ ಪಕ್ಕದಲ್ಲಿ ತನ್ನದೊಂದು ಮಾಡುತ್ತಲೇ ಇದ್ದ, ಅದು ಮೊದಲಿನಷ್ಟೇ ಕೆಟ್ಟದಾಗಿ ಬರುತ್ತಲೇ ಇತ್ತು. "ಅಂಚು ಮಡಿಚೋ, ಅಂಚು ಮಡಿಚು! ಬಿಟ್ರೆ ಎಳೆ ಬಿಡತ್ತೆ ಅಂತ ಎಷ್ಟು ಸಲ ಹೇಳ್ಬೇಕು?" ಎಂದು ಅತ್ತೆ ತಮ್ಮ ಕೆಲಸ ಬಿಟ್ಟು ಅವನ ಬಟ್ಟೆಗೆ ಕೈ ಹಾಕುತ್ತಿದ್ದರು. ಅವನು ಕೂಗಾಡುತ್ತಿದ್ದ. ಚಿತ್ರಗಳು ಕಪಾಟು ತುಂಬಿ, ಗೋಡೆಗೆ ಏರಿ, ಕಡೆಗೆ ಬಚ್ಚಲುಮನೆಯ ಬಾಗಿಲನ್ನೂ ಮುಟ್ಟಿದವು.

ಕೈ ಬಂತು, ಆದರೆ ತನಗೆ ಬೇಕಾದಷ್ಟೇ ಬಂತು. ಅತ್ತೆ ತಮ್ಮ ಗುಂಡಿಗಳನ್ನು ತಾವೇ ಹಾಕಿಕೊಂಡರು, ತಲೆ ಬಾಚಿಕೊಂಡರು, ಲೋಟ ಎತ್ತಿ ಕುಡಿದರು. ಒಂದು ಮಧ್ಯಾಹ್ನ ಮಗಳ ಹೊಲಿಗೆ ಯಂತ್ರದ ಮುಚ್ಚಳ ತೆಗೆದು ಅದರ ಮುಂದೆ ಕೂತರು. ಸೂಜಿಗೆ ದಾರ ಪೋಣಿಸಲು ನೋಡಿದರು. ದಾರದ ತುದಿ ನಾಲಿಗೆಗೆ ತಾಗಿಸಿ, ಚೂಪು ಮಾಡಿ, ಮತ್ತೆ ನೋಡಿದರು. ಅಳಿಯ ಬಾಗಿಲಲ್ಲಿ ನಿಂತಿದ್ದ. ಪೋಣಿಸಿಕೊಡಲು ಕೈ ಚಾಚಿದವನು ಹಿಂದಕ್ಕೆಳೆದುಕೊಂಡ. ತುಂಬ ಹೊತ್ತಾದ ಮೇಲೆ ಅತ್ತೆ ದಾರವನ್ನು ಉಂಡೆಗೆ ಸುತ್ತಿಟ್ಟರು.

"ಇನ್ನು ಹೊಲಿಗೆ ಬರಲ್ಲ ಕಣೋ," ಎಂದರು.

ಬರುತ್ತದೆ ಎನ್ನುವುದು ಸುಳ್ಳು, ಪರವಾಗಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸುಳ್ಳು. ಅಳಿಯ ಹೋಗಿ ಯಂತ್ರದ ಮುಚ್ಚಳವನ್ನು ಎತ್ತಿ ಹಾಕಿದ. ಅತ್ತೆ ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವರು ತಮ್ಮ ಟ್ರಂಕಿನಿಂದ ಒಂದು ಬಟ್ಟೆ ತೆಗೆದುಕೊಂಡು ಬಂದರು. ನವಿಲು ಬಣ್ಣದ ರೇಷ್ಮೆ, ಮಡಿಕೆ ಬಿಚ್ಚದ್ದು, ಯಾವುದೋ ಒಳ್ಳೆಯ ಉಡುಪಿಗೆಂದು ವರ್ಷಗಳಿಂದ ಇಟ್ಟುಕೊಂಡದ್ದು. ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸವರಿ, ಕತ್ತರಿ ತೆಗೆದುಕೊಂಡರು.

"ಅತ್ತೆ, ಅದು ಒಳ್ಳೇ ಬಟ್ಟೆ!"

"ಗೊತ್ತು."

ನಡುವೆಯೇ ಕತ್ತರಿಸಿದರು. ಗೆರೆ ಸ್ವಲ್ಪ ಅಲುಗಿತು. ಅವರು ಅದನ್ನು ತಿದ್ದಲಿಲ್ಲ. ಆ ದಿನ ಇಬ್ಬರೂ ಜಗಳವಾಡಲಿಲ್ಲ. ಬೇಕೆಂದಲ್ಲ, ಮರೆತುಹೋಯಿತು.

ವ್ಯಾಯಾಮದ ಮೇಡಂ ಗೋಡೆಯ ಚಿತ್ರಗಳನ್ನು ನೋಡಿ, ಆಸ್ಪತ್ರೆಯಲ್ಲಿ ಇಂಥದೇ ಕೈಯವರು ಇನ್ನೂ ಕೆಲವರಿದ್ದಾರೆ, ವಾರಕ್ಕೊಂದು ದಿನ ಬಂದು ಅವರ ಜೊತೆ ಕೂರುತ್ತೀರಾ ಎಂದು ಕೇಳಿದರು. ಅತ್ತೆ ಬೇಡವೆನ್ನುತ್ತಾರೆ ಎಂದು ಅಳಿಯ ಧೈರ್ಯವಾಗಿದ್ದ. ಅವರು ಒಪ್ಪಿಕೊಂಡುಬಿಟ್ಟರು. ಹೋಗುವುದು ಬಸ್ಸಿನಲ್ಲಿ. ಚೀಲ ಹೊರುವವನು ಯಾರು? ರಟ್ಟು, ಬಟ್ಟೆ, ಗಾಜು, ತಂತಿಯ ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರಿಗೆ ತಂತಿ ಚುಚ್ಚಿದಾಗ ಕ್ಷಮೆ ಕೇಳುತ್ತ, ಅಂಗಡಿಗೆ ಬೀಗ ಹಾಕಿದ ದಿನವನ್ನು ಶಪಿಸುತ್ತ ಅವನು ಹೋಗತೊಡಗಿದ.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಐದಾರು ಜನ ಕೂರುತ್ತಿದ್ದರು. ಅವರಲ್ಲಿ ಒಬ್ಬ ಸಲೂನಿನವನು, ದಪ್ಪನೆಯ ಮನುಷ್ಯ. ಅವನ ಎಡಗೈ ಸ್ವಾಧೀನ ತಪ್ಪಿತ್ತು, ಬಲಗೈ ಗಟ್ಟಿಯಾಗಿತ್ತು. ಎಡಗೈಯಲ್ಲಿ ಬಟ್ಟೆ ಹಿಡಿಯಬೇಕು, ಬಲಗೈಯಲ್ಲಿ ಕತ್ತರಿಸಬೇಕು. ಅವನು ಕತ್ತರಿಯನ್ನು ಗಾಳಿಯಲ್ಲಿ ಚಕಚಕ ಆಡಿಸುವುದು ಕಂಡ ಕೂಡಲೇ ಅತ್ತೆ ಬಂದು ನಿಂತರು.

"ಕತ್ತರಿ ಹಾಗೆ ಹಿಡೀತಾರಾ? ಕೆಳಗಿನ ಅಲಗು ಮೇಜಿಗೆ ತಾಗಿರಬೇಕು."

"ಅಮ್ಮಾ, ನಾನು ಹುಟ್ಟಿದಾಗಿಂದ ಕತ್ತರಿ ಹಿಡಿದೋನು."

"ತಲೆ ಮೇಲೆ ಹಿಡಿದಿದೀರ. ಇದು ಬಟ್ಟೆ. ತಪ್ಪಾದ್ರೆ ಮತ್ತೆ ಬೆಳೆಯಲ್ಲ."

ಉಳಿದವರು ನಕ್ಕರು. ಸಲೂನಿನವನು ಕೆಂಪಾದ. ಮೂರನೆಯ ವಾರ ಅವನು ಬಟ್ಟೆಯನ್ನು ಎಸೆದು ಹೊರಗೆ ಬಂದು, ಅಳಿಯ ಕೂತಿದ್ದ ಬೆಂಚಿನ ಮೇಲೆ ಧಪ್ಪನೆ ಕೂತ.

"ಮನೇಲೂ ಹೀಗೇನಾ ಇವರು?"

"ಇಲ್ಲಿ ಪರವಾಗಿಲ್ಲ," ಎಂದ ಅಳಿಯ. "ಹೊರಗಿನೋರ ಮುಂದೆ ಸ್ವಲ್ಪ ತಡ್ಕೊಂಡಿದಾರೆ."

"ಹೇಗ್ರೀ ಸಹಿಸ್ಕೋತೀರ ನೀವು?"

ಅಳಿಯ ಯೋಚಿಸಿದ. "ಸಹಿಸ್ಕೊಳಲ್ಲ. ನಾನೂ ಕೂಗ್ತೀನಿ."

"ಕೂಗಿದ್ರೆ?"

"ಅವರು ಇನ್ನೂ ಜೋರಾಗಿ ಕೂಗ್ತಾರೆ. ಅಷ್ಟರಲ್ಲಿ ಕೆಲಸ ಆಗಿರತ್ತೆ."

ಸಲೂನಿನವನು ತನ್ನ ಎಡಗೈಯನ್ನು ತೊಡೆಯ ಮೇಲಿಟ್ಟು, ಬೆರಳುಗಳನ್ನು ಬಿಡಿಸಲು ನೋಡಿದ. ಎರಡು ಬಿಡಿಸಿಕೊಂಡವು. ಒಳಗಿನಿಂದ ಅತ್ತೆಯ ಗಂಟಲು ಕೇಳಿಸಿತು:

"ಎಲ್ಲಿ ಹೋದ್ರು ಆ ಸಲೂನಿನೋರು? ಅವರ ಬಟ್ಟೆ ಯಾರು ಹಿಡ್ಕೋತಾರೆ, ನಾನಾ?"

ಸಲೂನಿನವನು ಏನೋ ಗೊಣಗಿಕೊಂಡು ಎದ್ದ. ಷರಟನ್ನು ಎಳೆದು ಸರಿಮಾಡಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿನಲ್ಲೇ ಎರಡು ಗಂಟಲುಗಳು ಒಂದರ ಮೇಲೊಂದು ಏರತೊಡಗಿದವು. ಅಳಿಯ ಬೆಂಚಿಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿದ. ಇವತ್ತು ಬೇರೆ ಯಾರೋ ಬೈಸಿಕೊಳ್ಳುತ್ತಿದ್ದರು. ಅವನಿಗೆ ಒಂದು ಸಣ್ಣ ನಿದ್ದೆಗೆ ಅಷ್ಟು ಸಾಕಿತ್ತು.